ಕನ್ನಡಕ ಒರೆಸುವ ಹೊತ್ತು

ದೇವರು ಆ ಹಾಸಿಗೆ ಮಾರುವವನಿಗೆ ಕೊಟ್ಟದ್ದು ಸಾಧಾರಣ ಮುಖ, ಬೆಣ್ಣೆಯಂಥ ನಾಲಿಗೆ. ಆ ನಾಲಿಗೆಗೆ ಸಾಣೆ ಹಿಡಿದವಳು ಮಾತ್ರ ಅವನ ಹೆಂಡತಿ.

ಅಂಗಡಿಯ ಮ್ಯಾನೇಜರು ಮೊದಲ ದಿನವೇ ಹೇಳಿದ್ದರು: "ಗಿರಾಕೀನ ಕರಗಿಸೋ ಮಾತಿಗೆ ಇಂಗ್ಲಿಷಿನವರು ಸ್ಪೀಲ್ ಅಂತಾರೆ. ಜರ್ಮನ್ನರ ಹತ್ರ ಎರವಲು ತಂದ ಪದ. ಅಲ್ಲಿ ಆಟ ಅಂತ ಅರ್ಥ. ಆಡ್ತಾ ಆಡ್ತಾ ಬರುತ್ತೆ, ಹೋಗು."

ಆಟಕ್ಕೆ ಜೊತೆ ಬೇಕಲ್ಲ? ದಿನಾ ಸಂಜೆ ಹೆಂಡತಿ ಅಡುಗೆಮನೆಯ ಸ್ಟೂಲಿನ ಮೇಲೆ ಗಿರಾಕಿಯಾಗಿ ಕೂರುತ್ತಿದ್ದಳು.

"ಇದೇನ್ರೀ, ಪಾಠ ಒಪ್ಪಿಸ್ದಂಗೆ! ಅಲ್ಲಿ ಸ್ವಲ್ಪ ತಡೀರಿ. ಕನ್ನಡಕ ತೆಗೆದು ಒರೆಸ್ಕೊಳ್ಳಿ. ಆಮೇಲೆ ದನಿ ಇಳಿಸಿ, 'ನಮ್ಮ ಮನೆಯವರಿಗೂ ಇದನ್ನೇ ಕೊಟ್ಟಿದ್ದೀನಿ' ಅನ್ನಿ. ಕಲ್ಲೂ ಕರಗುತ್ತೆ."

ಕರಗಿತು. ವರ್ಷಗಟ್ಟಲೆ ಕರಗಿತು. ಕೊನೆಗೊಮ್ಮೆ ಹೆಂಡತಿಯ ಅಕ್ಕನೇ ಸೊಂಟ ಹಿಡಿದುಕೊಂಡು ಅಂಗಡಿಗೆ ಬಂದಳು. ಆಸ್ಪತ್ರೆಗೆ ಹೊರಟವಳು, ದಾರಿಯಲ್ಲಿ ಒಂದು ಮಾತು ಕೇಳೋಣವೆಂದು ಒಳಗೆ ಕಾಲಿಟ್ಟಿದ್ದಳು.

"ಆಸ್ಪತ್ರೆ ಯಾಕೆ ಅತ್ತಿಗೆ? ಇದರ ಮೇಲೆ ಮಲಗಿ ನೋಡಿ. ನೋವು ಎಲ್ಲಿತ್ತು ಅಂತ ನೀವೇ ಹುಡುಕ್ಬೇಕು!" ಎಂದು ನಕ್ಕ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡ.

ಅಕ್ಕ ನಂಬಿದಳು. ನಂಬಿ ತಿಂಗಳುಗಟ್ಟಲೆ ಮಲಗಿದಳು. ಬೆನ್ನುಮೂಳೆಯಲ್ಲಿದ್ದ ಗೆಡ್ಡೆ ಮಾತ್ರ ಮಲಗಲಿಲ್ಲ. ಡಾಕ್ಟರು ನೋಡುವ ಹೊತ್ತಿಗೆ ಕಾಲುಗಳ ಸ್ವಾಧೀನ ತಪ್ಪಿತ್ತು.

ಈಗ ಹೆಂಡತಿ ಬಟ್ಟೆ ತುಂಬುತ್ತಿದ್ದಳು. ಅಕ್ಕನ ಆರೈಕೆಗೆ ಅಂದಿದ್ದಳು ನಿಜ. ಆದರೆ ಗೋಡೆಯಲ್ಲಿದ್ದ ತನ್ನ ಅಪ್ಪನ ಫೋಟೋವನ್ನೂ ಇಳಿಸಿ ಪೆಟ್ಟಿಗೆಗೆ ಹಾಕಿದ್ದು ಅವನ ಕಣ್ಣಿಗೆ ಬಿತ್ತು.

"ವಾಪಸ್ ಯಾವಾಗ ಬರ್ತೀಯೆ?"

"ಯಾಕೆ, ಸ್ಟೂಲ್ ಖಾಲಿ ಉಳಿಯುತ್ತೆ ಅಂತಾನಾ?"

ಅವನು ಬಾಗಿಲಿಗೆ ಅಡ್ಡ ನಿಂತ. ಮಾರುವುದಕ್ಕೆ ಏನೂ ಇಲ್ಲದೆ ಬಾಯಿ ತೆರೆದು ಎಷ್ಟು ಕಾಲವಾಗಿತ್ತೋ, ದೇವರಿಗೇ ಗೊತ್ತು.

"ತಪ್ಪಾಯ್ತು ಕಣೇ. ನಿಮ್ಮಕ್ಕನ ಕಾಲು, ನಾನು..."

ಕಣ್ಣೀರಿಗೆ ಗಾಜು ಮಸುಕಾಯಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

ಹೆಂಡತಿ ಅವಸರ ಮಾಡಲಿಲ್ಲ. ಸ್ಟೂಲಿನ ಮೇಲೆ ಕಾಯುತ್ತಿದ್ದ ಹಾಗೆಯೇ ಕಾದಳು.

"ಹ್ಞೂಂ. ಈಗ ದನಿ ಇಳಿಸಿ," ಅಂದಳು.

ಅವನು ಏನು ಅಂದಿದ್ದರೂ ಇಳಿದ ದನಿಯಲ್ಲೇ ಬರುತ್ತಿತ್ತು; ಬೇರೆ ದನಿ ಅವನಲ್ಲಿ ಉಳಿದಿರಲಿಲ್ಲ.

"ಕಲಿಸ್ದೋಳು ನಾನೇ. ಆ ಪಾಪ ನಾನು ಹೊರ್ತೀನಿ. ದಾರಿ ಬಿಡಿ."

ಬಿಟ್ಟ. ಗಾಜು ಆಗಲೇ ತಿಳಿಯಾಗಿತ್ತು. ಹಾಕಿಕೊಂಡು ಅವಳನ್ನು ನೋಡುವ ಧೈರ್ಯ ಮಾತ್ರ ಬರಲಿಲ್ಲ.