ಕುಂಕುಮ ತಿಂದ ಸಾಕೆಟ್ಟು

ನಾನು ಒಂದು ಸಾಕೆಟ್ಟು. ಗೋಡೆಯ ಮೇಲೆ ಆರಾಮಾಗಿ ಕೂತು ಮೊಬೈಲುಗಳಿಗೆ ಕರೆಂಟು ಉಣಿಸುವ ಪೈಕಿ ಅಲ್ಲ. ಜೀಪಿನ ಹಿಂದೆ, ಬಂಪರಿನ ಕೆಳಗೆ, ಧೂಳು ಕುಡಿಯುತ್ತ ಬದುಕಿದವನು. ಜೀಪು ತನ್ನ ಹಿಂದೆ ಇನ್ನೊಂದು ಗಾಡಿಯನ್ನು ಎಳೆಯುವಾಗ ಆ ಗಾಡಿಯ ದೀಪಗಳಿಗೆಲ್ಲ ಕರೆಂಟು ನನ್ನ ಮೂಲಕವೇ ಹೋಗಬೇಕು. ಇಷ್ಟು ಹೇಳಿದರೂ ನನ್ನ ಮುಖ ನಿಮಗೆ ನೆನಪಾಗಲಿಲ್ಲ, ಅಲ್ಲವೇ? ಗೊತ್ತಿತ್ತು. ಗಾಡಿಗಳ ಹಿಂದೆ ಬರೆದ ಸಾಲುಗಳನ್ನು ನೀವು ಬಾಯಿಬಿಟ್ಟು ಓದುತ್ತೀರಿ. ಅದರ ಕೆಳಗೆ ಬಗ್ಗಿ ನೋಡುವಷ್ಟು ಪುರುಸೊತ್ತು ನಿಮಗಿಲ್ಲ.

ಹುಟ್ಟಿದ್ದು ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ. ಅಲ್ಯೂಮಿನಿಯಂ ಮೈ, ಒಳಗೆ ಏಳು ಹಿತ್ತಾಳೆಯ ಕೊಳವೆ, ಬಾಯಿಗೆ ಸ್ಪ್ರಿಂಗಿನ ಮುಚ್ಚಳ. ಏಳಕ್ಕೂ ಬೇರೆ ಬೇರೆ ಕೆಲಸ. ಎಡ ಇಂಡಿಕೇಟರಿಗೆ ಒಂದು, ಬಲಕ್ಕೆ ಒಂದು, ಹೀಗೆ. ಆರನೆಯದು ಬ್ರೇಕ್ ದೀಪದ್ದು. ಈ ಆರನೆಯದನ್ನು ನೆನಪಿಟ್ಟುಕೊಳ್ಳಿ. ನನ್ನ ಯಜಮಾನರು ಯಾರೂ ಇಟ್ಟುಕೊಳ್ಳಲಿಲ್ಲ. ನನ್ನನ್ನು ಜೋಡಿಸಿದ ಹೆಂಗಸು ಮುಚ್ಚಳವನ್ನು ಮೂರು ಸಲ ತೆಗೆದು ಮುಚ್ಚಿ, ಒಳಗೆ ಒಂದು ಸಲ ಊದಿ, ಡಬ್ಬಿಗೆ ಹಾಕಿದಳು. ಲೋಕದಲ್ಲಿ ಎಲ್ಲರೂ ಹೀಗೇ ಇರುತ್ತಾರೆ ಎಂದುಕೊಂಡೆ. ಹೊಸದರಲ್ಲಿ ನಾನೂ ಪೆದ್ದನೇ.

ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಯಲ್ಲಿ ನನ್ನ ಪಕ್ಕದಲ್ಲಿ ಹದಿಮೂರು ತೂತಿನ ಪ್ಲಾಸ್ಟಿಕ್ ಸಾಕೆಟ್ಟೊಂದಿತ್ತು. ದೀಪಗಳಿಗಷ್ಟೇ ಅಲ್ಲ, ಹಿಂದಿನ ಗಾಡಿಯೊಳಗಿನ ಬ್ಯಾಟರಿಗೂ ಕರೆಂಟು ಕೊಡಬಲ್ಲೆ ಎಂದು ಅದಕ್ಕೆ ಭಾರಿ ಜಂಬ. ಪ್ಲಾಸ್ಟಿಕ್ಕಿನ ಜಂಬ ನನಗೆ ಸೇರುವುದಿಲ್ಲ. ಆದರೂ ಒಪ್ಪಿಕೊಳ್ಳುತ್ತೇನೆ, ನನ್ನನ್ನು ಕೊಂಡ ದಿನ ಹೋಗಬೇಕಾಗಿದ್ದು ನಾನಲ್ಲ, ಅದು.

ಆ ದಿನ ಬಂದವರು ಕೊಪ್ಪಳದ ಒಂದು ಸೇವಾ ಟ್ರಸ್ಟಿನ ಅಧ್ಯಕ್ಷರಾದ ಅಂದಾನಗೌಡರು. ಹಿಂದೆ ಅವರ ಡ್ರೈವರ್ ಯಮನೂರಪ್ಪ. ಟ್ರಸ್ಟಿಗೆ ಯಾರೋ ದಾನಿಗಳು ಒಂದು ಕ್ಯಾರವಾನ್ ಕೊಟ್ಟಿದ್ದರು. ಅದು ಚಕ್ರದ ಮೇಲಿನ ಒಂದು ಪುಟ್ಟ ಕೋಣೆ. ಹೊರಗಿನ ಸದ್ದು ಒಳಗೆ ನುಸುಳದ ಹಾಗೆ ದಪ್ಪ ಗೋಡೆ. ಅದನ್ನು ಜೀಪಿಗೆ ಕಟ್ಟಿಕೊಂಡು ಊರೂರಿನ ಶಾಲೆಗೆ ಹೋಗಿ, ಮಕ್ಕಳಿಗೆ ಕಿವಿ ಸರಿಯಾಗಿ ಕೇಳುತ್ತದೆಯೇ ಎಂದು ಪರೀಕ್ಷೆ ಮಾಡಬೇಕು. ಅಂಗಡಿಯವನು ಎರಡೇ ಪ್ರಶ್ನೆ ಕೇಳಿದ: ಕ್ಯಾರವಾನಿನ ಪ್ಲಗ್ಗಿಗೆ ಎಷ್ಟು ಪಿನ್ನು, ಒಳಗೆ ಬ್ಯಾಟರಿ ಇದೆಯೇ. ಹದಿಮೂರು ಪಿನ್ನು, ಬ್ಯಾಟರಿಯೂ ಇದೆ ಎಂದು ಯಮನೂರಪ್ಪ ಹೇಳುತ್ತಿದ್ದ. ಗೌಡರು ಅಷ್ಟರಲ್ಲಿ ನನ್ನನ್ನು ಕೈಗೆತ್ತಿಕೊಂಡಿದ್ದರು.

“ಇದು ಫಳಫಳ ಹೊಳೀತೈತಿ. ಇದನ್ನ ಕೊಡ್ರಿ” ಎಂದರು.

ನನ್ನ ಆಯ್ಕೆ ನಡೆದದ್ದು ಹೀಗೆ. ಮಗಳಿಗೆ ಗಂಡು ನೋಡುವಾಗ ಹಲ್ಲುಜ್ಜುವ ಪುಡಿಯನ್ನೂ ವಿಚಾರಿಸುವ ಜನ, ಒಂದು ಗಾಡಿಯ ದೀಪಗಳನ್ನೆಲ್ಲ ಒಪ್ಪಿಸುವಾಗ ಹೊಳಪು ನೋಡಿ ಆರಿಸುತ್ತಾರೆ. ಏಳು ತೂತಿಗೆ ಹದಿಮೂರು ಪಿನ್ನು ಹೊಗುವುದುಂಟೇ? ಕ್ಯಾರವಾನಿನ ಒಳ್ಳೆಯ ಪ್ಲಗ್ಗನ್ನು ಕತ್ತರಿಸಿ ಬಿಸಾಕಿ, ನನಗೆ ಹೊಂದುವ ಇನ್ನೊಂದನ್ನು ಕಟ್ಟಿದರು. ಮಿಕ್ಕ ತಂತಿಗಳ ತುದಿಗೆ ಟೇಪು ಸುತ್ತಿ ಒಳಗೆ ತುರುಕಿದರು. ದಾರಿಯಲ್ಲಿ ತುಂಬಿಕೊಳ್ಳಬೇಕಾಗಿದ್ದ ಬ್ಯಾಟರಿ ಹಸಿದೇ ಉಳಿಯಿತು. ಕಿವಿ ಪರೀಕ್ಷೆ ಮಾಡುವ ದಾಕ್ಷಾಯಣಿ ಮೇಡಂ ಪ್ರತಿ ಶಾಲೆಯಲ್ಲೂ ಹೆಡ್‌ಮಾಸ್ತರರ ಕೋಣೆಯಿಂದ ವೈರು ಎಳೆಸಿಕೊಳ್ಳಬೇಕಾಯಿತು. ಟ್ರಸ್ಟಿನ ಸಭೆಯಲ್ಲಿ ಮಾತ್ರ ‘ಎಲ್ಲ ಸಜ್ಜಾಗಿದೆ’ ಎಂದು ಬರೆದುಕೊಂಡರಂತೆ.

ನಾನು ಮನುಷ್ಯರನ್ನು ಕೆಳಗಿನಿಂದ ನೋಡಿದವನು. ಮುಖಕ್ಕಿಂತ ಕಾಲು ಚೆನ್ನಾಗಿ ಗೊತ್ತು. ಗೌಡರದು ಜೀರುಗುಟ್ಟುವ ಚರ್ಮದ ಚಪ್ಪಲಿ, ಅದು ಜೀಪಿನ ಮುಂದೆ ಸುಳಿದಾಡುತ್ತಿತ್ತೇ ಹೊರತು ಹಿಂದಕ್ಕೆ ಬರುತ್ತಿರಲಿಲ್ಲ. ಫೋಟೋ ಮುಂದೆ ನಿಂತೇ ತೆಗೆಯುವುದಲ್ಲವೇ. ದಾಕ್ಷಾಯಣಿಯವರದು ಬಿಳಿ ಕ್ಯಾನ್ವಾಸ್ ಶೂ, ಯಾವಾಗಲೂ ಅವಸರ. ಯಮನೂರಪ್ಪನದು ಟೈರಿನ ಅಟ್ಟೆಯ ಚಪ್ಪಲಿ. ಅವನೊಬ್ಬ ನನ್ನ ಎದುರು ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. ವಯಸ್ಸು ಐವತ್ತು ದಾಟಿತ್ತು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಗೌಡರು, ಒಂದು ದೂರು ಬಂದರೆ ಮನೆಗೆ ಎಂದಿದ್ದರು. ಆ ವಯಸ್ಸಿನಲ್ಲಿ ಇನ್ನೊಬ್ಬರು ಸ್ಟೇರಿಂಗ್ ಕೊಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ಆ ಎಚ್ಚರ.

ನನ್ನ ಬಾಯಿಗೊಂದು ರಬ್ಬರ್ ಟೋಪಿ ಬೇಕು, ಗಾಡಿ ಬಿಚ್ಚಿದಾಗ ಕ್ಯಾರವಾನಿನ ಪ್ಲಗ್ಗು ಕೆಸರಿಗೆ ಬೀಳದ ಹಾಗೆ ಸಿಕ್ಕಿಸಿಡಲು ಒಂದು ಗೂಡು ಬೇಕು ಎಂದು ಅವನು ಮೂರು ಸಲ ಕೇಳಿದ. ಮುಂದಿನ ಸಭೆಯಲ್ಲಿ ನೋಡೋಣ ಎಂದರು. ಸಭೆಯಲ್ಲಿ ಅವರು ನೋಡಿದ್ದು ಉಪ್ಪಿಟ್ಟನ್ನು ಇರಬೇಕು. ಕೊನೆಗೆ ಯಮನೂರಪ್ಪ ಹಾಲಿನ ಪಾಕೀಟು ತೊಳೆದು ಪ್ಲಗ್ಗಿಗೆ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿದ. ವೈರು ನೆಲಕ್ಕೆ ಉಜ್ಜದಂತೆ, ತಿರುವಿನಲ್ಲಿ ಜಗ್ಗದಂತೆ ಅಳತೆ ನೋಡಿ ಒಂದು ಸುತ್ತು ಬಿಟ್ಟು ಕಟ್ಟಿದ. ಹಾಲಿನ ವಾಸನೆ ಹೊತ್ತ ಆ ಪ್ಲಗ್ಗು ನನ್ನ ಬಾಯಿಗೆ ಬಂದಾಗಲೆಲ್ಲ ನನಗೆ ಅಸಹ್ಯವಾಗುತ್ತಿತ್ತು. ಆಮೇಲೆ ಅಸಹ್ಯಪಡಲು ಬೇರೆ ಬೇಕಾದಷ್ಟು ಸಿಕ್ಕಿತು.

ಇನ್ನೊಂದು ಅಭ್ಯಾಸ ಅವನಿಗಿತ್ತು. ಹೊರಡುವ ಮುಂಚೆ ಇಂಡಿಕೇಟರು ಹಾಕಿ, ಇಳಿದು ಹಿಂದೆ ಬಂದು ನೋಡುತ್ತಿದ್ದ. ಬ್ರೇಕ್ ದೀಪವನ್ನು ಹಾಗೆ ಒಬ್ಬನೇ ನೋಡಲಾಗುವುದಿಲ್ಲ. ಕಾಲು ಪೆಡಲಿನ ಮೇಲಿರಬೇಕು, ಕಣ್ಣು ಗಾಡಿಯ ಹಿಂದಿರಬೇಕು. ದಾಕ್ಷಾಯಣಿಯವರನ್ನು ಹಿಂದೆ ನಿಲ್ಲಿಸಿ, ಹತ್ತಿತೇ ಎಂದು ಕೂಗಿ ಕೇಳಿ, ಹತ್ತಿತು ಎಂದ ಮೇಲೆಯೇ ಗೇರು ಹಾಕುತ್ತಿದ್ದ. ಇದನ್ನು ಕಂಡು ಕಚೇರಿಯವರು ನಗುತ್ತಿದ್ದರು.

ಆಯುಧಪೂಜೆ ಬಂತು. ಟ್ರಸ್ಟಿನ ಗಾಡಿಗಳಿಗೆಲ್ಲ ಅಧ್ಯಕ್ಷರ ಕೈಯಿಂದಲೇ ಪೂಜೆಯಾಗಬೇಕು. ಬೆಳಗ್ಗೆಯೇ ಜೋರು ನೀರಿನ ಪೈಪು ಹಿಡಿದು ಜೀಪು ತೊಳೆದರು, ನನ್ನ ಮುಚ್ಚಳದ ಸಂದಿಯಿಂದಲೂ ನೀರು ನುಗ್ಗಿತು. ಚೆಂಡು ಹೂ, ಬಾಳೆಕಂದು, ಚಕ್ರದ ಕೆಳಗೆ ನಿಂಬೆಹಣ್ಣು. ಗೌಡರು ಬಾನೆಟ್ಟಿಗೆ, ಬಾಗಿಲಿಗೆ, ಟೈರಿಗೆ ಕುಂಕುಮ ಹಚ್ಚುತ್ತ ಹಚ್ಚುತ್ತ ಮೊದಲ ಸಲ ಹಿಂದಕ್ಕೆ ಬಂದರು. ಆ ಜೀರುಗುಟ್ಟುವ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನನ್ನ ಎದುರು ನಿಂತರು. ಬಗ್ಗಿ ಮುಚ್ಚಳ ಎತ್ತಿದರು. ಏಳು ಕೊಳವೆ ಕಂಡು ಖುಷಿಯಾಗಿರಬೇಕು, ನೀರಲ್ಲಿ ಕಲಸಿದ ಕುಂಕುಮವನ್ನು ಬೆರಳ ತುದಿಯಲ್ಲಿ ತೆಗೆದು ಒಂದೊಂದಕ್ಕೂ ಒತ್ತತೊಡಗಿದರು.

ಯಮನೂರಪ್ಪ ಮೆಲ್ಲಗೆ ಹೇಳಿದ. “ಗೌಡ್ರ, ಅದರಾಗ ಬ್ಯಾಡ್ರಿ. ಕರೆಂಟ್ ಹೋಗೋ ಜಾಗ ಅದು.”

“ದೇವರಿಗಿಂತ ನಿನ್ನ ಕರೆಂಟ್ ದೊಡ್ಡದೇನಲೇ?” ಎಂದು ಗೌಡರು ಕೇಳಿದರು. ಸುತ್ತಲಿದ್ದವರು ನಕ್ಕರು. ಯಮನೂರಪ್ಪ ಹಿಂದೆ ಸರಿದ.

ಸುಳ್ಳು ಹೇಳುವುದಿಲ್ಲ. ನಾನು ಆ ಹೊತ್ತಿನಲ್ಲಿ ಹಿಗ್ಗಿದೆ. ಹುಟ್ಟಿದಾಗಿನಿಂದ ಬಗ್ಗಿ ನೋಡದ ದೊಡ್ಡವರೊಬ್ಬರು ನನ್ನ ಮುಂದೆ ಬಗ್ಗಿದ್ದರು. ಹೂ ಮುಡಿಸಿದರು, ಆರತಿ ಎತ್ತಿದರು, ಕೊಂಡಿಯ ಮೇಲೆ ತೆಂಗಿನಕಾಯಿ ಒಡೆದರು, ಕಾಯಿನೀರು ನನ್ನ ಬಾಯೊಳಗೆ ಸಿಡಿಯಿತು. ಆರನೆಯ ಕೊಳವೆಗೆ ಎಲ್ಲಕ್ಕಿಂತ ದೊಡ್ಡ ಉಂಡೆ ಬಿದ್ದಿತ್ತು. ನಾನು ಮೂರ್ಖನ ಹಾಗೆ ಬಾಯಿ ತೆರೆದುಕೊಂಡೇ ಇದ್ದೆ. ಪೂಜೆಗೆ ಮರುಳಾಗುವುದು ಬರೀ ಮನುಷ್ಯರ ರೋಗವಲ್ಲ.

ಹಬ್ಬ ಮುಗಿದರೂ ದಸರಾ ರಜೆ ಮುಂದುವರಿಯಿತು. ಶಾಲೆಯಿಲ್ಲದೆ ಕ್ಯಾರವಾನಿಗೆ ಕೆಲಸವಿಲ್ಲ, ಜೀಪು ಶೆಡ್ಡಿನಲ್ಲಿ ನಿಂತಿತು. ನನ್ನೊಳಗೆ ಕುಂಕುಮ ಒಣಗಿ ಗಟ್ಟಿಯಾಯಿತು, ಕಾಯಿನೀರು ಅಂಟಾಯಿತು, ಹಿತ್ತಾಳೆಗೆ ಹಸಿರು ಕಿಲುಬು ಹತ್ತಿತು. ಕೆರೆತ ತಡೆಯಲಾಗುತ್ತಿರಲಿಲ್ಲ. ಹೇಳಿಕೊಳ್ಳಲು ನನಗೆ ನಾಲಗೆಯೆಲ್ಲಿದೆ? ನಾಲಗೆಯಿದ್ದ ಯಮನೂರಪ್ಪ ಹೇಳಿ ಏನಾಯಿತು ಎಂದು ಕಂಡಾಗಿತ್ತು.

ಶಾಲೆ ಶುರುವಾದ ದಿನ ಗೌಡರು ಬಾವುಟ ತೋರಿಸಿ ಕಳಿಸುವುದೆಂದಾಯಿತು. ಯಮನೂರಪ್ಪ ನನ್ನ ಬಾಯನ್ನು ಬಟ್ಟೆಯಿಂದ ಮೇಲೆ ಮೇಲೆ ಒರೆಸಿ ಪ್ಲಗ್ಗು ಸಿಕ್ಕಿಸಿದ. ಇಂಡಿಕೇಟರು ಎರಡೂ ಹತ್ತಿದವು. ದಾಕ್ಷಾಯಣಿಯವರನ್ನು ಹಿಂದೆ ಕರೆಯಬೇಕೆನ್ನುವಷ್ಟರಲ್ಲಿ ಮುಂದಿನಿಂದ ಗೌಡರ ದನಿ ಬಂತು, ಮುಹೂರ್ತ ಮೀರುತ್ತಿದೆ, ಎತ್ತು ಗಾಡಿ ಎಂದು. ಒಂದು ಗಳಿಗೆ ಅವನು ತಡೆದು ನಿಂತದ್ದು ನನಗೆ ಕಂಡಿತು. ಆಮೇಲೆ ಟೈರಿನ ಚಪ್ಪಲಿ ಮುಂದಕ್ಕೆ ಹೋಯಿತು.

ಕುಕನೂರು ರಸ್ತೆಯಲ್ಲಿ ಕುರಿಮಂದೆ ಅಡ್ಡ ಬಂತು. ಯಮನೂರಪ್ಪ ಬ್ರೇಕು ಒತ್ತಿದ. ಜೀಪಿನ ದೀಪ ಹತ್ತಿತು, ಆದರೆ ಅದರ ಹಿಂದೆ ಕ್ಯಾರವಾನ್ ಗೋಡೆಯ ಹಾಗೆ ನಿಂತಿದೆ, ಯಾರಿಗೆ ಕಾಣಬೇಕು? ಕ್ಯಾರವಾನಿನ ದೀಪಕ್ಕೆ ಹೋಗಬೇಕಾದ ಕರೆಂಟು ನನ್ನ ಆರನೆಯ ಕೊಳವೆಯವರೆಗೆ ಬಂದು ಕುಂಕುಮದ ಮುಂದೆ ನಿಂತುಬಿಟ್ಟಿತು. ಹಿಂದಿನಿಂದ ಧಡ್ ಎಂದಿತು. ಬೈಕಿನ ಎರಡೂ ಬದಿಗೆ ಪ್ಲಾಸ್ಟಿಕ್ ಕೊಡ ಕಟ್ಟಿಕೊಂಡು ಊರೂರು ಮಾರುವ ಖಾಜಾಸಾಬ. ಹಸಿರು, ಕೆಂಪು, ನೀಲಿ ಕೊಡಗಳು ರಸ್ತೆ ತುಂಬ ಉರುಳಿದವು. ಅವನ ಎಡಗೈ ಮುರಿದಿತ್ತು. ನನ್ನಿಂದಾದದ್ದು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ನನ್ನ ಜೀವಮಾನದಲ್ಲಿ ನಾಚಿಕೆಯಾದದ್ದು ಆ ಒಂದು ಸಲ.

ದೀಪ ಹತ್ತಲಿಲ್ಲ ಎಂದು ಖಾಜಾಸಾಬ ಆಸ್ಪತ್ರೆಯಲ್ಲಿ ಹೇಳಿದನಂತೆ. ಟ್ರಸ್ಟಿನವರು ತಪಾಸಣೆ ನಡೆಸಿದರು. ಹೇಗೆ ಗೊತ್ತೇ? ಕ್ಯಾರವಾನನ್ನು ಶೆಡ್ಡಿನಲ್ಲಿ ಬಿಚ್ಚಿಟ್ಟು, ಬರೀ ಜೀಪನ್ನು ಅಂಗಳಕ್ಕೆ ತಂದು ಬ್ರೇಕು ಒತ್ತಿ ನೋಡಿದರು. ಜೀಪಿನ ದೀಪ ಚೆನ್ನಾಗಿ ಹತ್ತಿತು. ಐದು ಜನ ಓದಿಕೊಂಡವರು ಸುತ್ತ ನಿಂತು ತಲೆಯಾಡಿಸಿದರು. ನಾನು ಅವರ ಮೊಣಕಾಲಿನ ಮುಂದೆಯೇ ಇದ್ದೆ. ಒಬ್ಬ ನನ್ನ ಮುಚ್ಚಳದ ಮೇಲೆ ಕಾಲಿಟ್ಟು ಶೂ ಲೇಸು ಕಟ್ಟಿಕೊಂಡ. ಪೂಜೆಯಾದ ಗಾಡಿ, ಗಾಡಿಯಲ್ಲಿ ದೋಷವಿರಲು ಸಾಧ್ಯವಿಲ್ಲ, ತಪ್ಪು ಡ್ರೈವರನದೇ ಎಂದರು ಗೌಡರು. ಯಮನೂರಪ್ಪನನ್ನು ಕೆಲಸದಿಂದ ಬಿಡಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಅವನು ಕೀಲಿಕೈ ತಂದು ಬಾನೆಟ್ಟಿನ ಮೇಲಿಟ್ಟ. ಗೌಡರ ಕುಂಕುಮದ ವಿಷಯ ಎತ್ತಲಿಲ್ಲ. ಎತ್ತಿದರೆ ದೇವರ ಮೇಲೆ ತಪ್ಪು ಹೊರಿಸಿದ ಎನ್ನುತ್ತಾರೆ ಎಂದು ಹೆದರಿದನೋ, ಹಿಂದೆ ಯಾರನ್ನೂ ನಿಲ್ಲಿಸದೆ ಹೊರಟದ್ದು ಅವನನ್ನೇ ತಿನ್ನುತ್ತಿತ್ತೋ. ಎರಡೂ ಇರಬೇಕು.

ಬಿಳಿ ಶೂ ಮುಂದೆ ಬಂತು. ಒಂದು ಸಲ ಕ್ಯಾರವಾನ್ ಕಟ್ಟಿ ನೋಡೋಣ ಎಂದರು ದಾಕ್ಷಾಯಣಿ. ಯಾಕೆ ಸುಮ್ಮನೆ ಎಂದರು ಯಾರೋ. ಹಾಗೆ ನೋಡದಿದ್ದರೆ ನಾಳೆಯಿಂದ ಶಾಲೆಗೆ ನಾನೂ ಹೋಗುವುದಿಲ್ಲ ಎಂದು ಅವರು ಅಲ್ಲೇ ನಿಂತರು. ಗೊಣಗುತ್ತ ಗಾಡಿ ತಂದು ಕಟ್ಟಿದರು. ಯಮನೂರಪ್ಪ ಒಳಗೆ ಕೂತು ಬ್ರೇಕು ಒತ್ತಿ, “ಹತ್ತಿತೇನ್ರೀ ಮೇಡಮ್ಮಾರ?” ಎಂದು ಯಾವಾಗಿನ ಹಾಗೇ ಕೂಗಿದ.

“ಹತ್ತಲಿಲ್ಲ” ಎಂದರು ದಾಕ್ಷಾಯಣಿ.

ಅವರು ನನ್ನ ಮುಂದೆ ಕುಳಿತು ಪ್ಲಗ್ಗು ಕಿತ್ತರು, ಸೆರಗಿನ ಪಿನ್ನು ತೆಗೆದು ಆರನೆಯ ಕೊಳವೆಯನ್ನು ಕೆದಕಿದರು. ಒಣಗಿದ ಕುಂಕುಮ ಅವರ ಅಂಗೈ ಮೇಲೆ ಉದುರಿತು, ನಡುನಡುವೆ ಹಸಿರು ಕಿಲುಬು. ಅಂಗೈಯನ್ನು ಗೌಡರ ಮುಂದೆ ಹಿಡಿದರು. ಮುಂದೆ ಆದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹೆಣ್ಣುಮಗಳ ಅಂಗೈಯಲ್ಲಿ ಕುಂಕುಮ ಕಂಡದ್ದೇ ತಡ, ಗೌಡರ ಉಂಗುರದ ಬೆರಳು ತಾನಾಗಿ ಮುಂದೆ ಬಂತು, ಒಂದು ಚಿಟಿಕೆ ತೆಗೆದುಕೊಂಡಿತು, ಹಣೆಗೆ ಇಟ್ಟುಕೊಂಡಿತು. ಕಣ್ಣು ಕೂಡ ಭಕ್ತಿಯಿಂದ ಮುಚ್ಚಿದವು. ಮತ್ತೆ ತೆರೆದಾಗ ಎಲ್ಲರೂ ಅವರನ್ನೇ ನೋಡುತ್ತಿದ್ದರು.

“ಗೌಡ್ರೇ, ಇದು ನೀವೇ ತುಂಬಿದ್ದು” ಎಂದರು ದಾಕ್ಷಾಯಣಿ.

ಗೌಡರು ಹಣೆ ಒರೆಸಿಕೊಳ್ಳುವ ಹಾಗಿಲ್ಲ, ಬಿಡುವ ಹಾಗಿಲ್ಲ. ಆ ಗುರುತು ಹೊತ್ತುಕೊಂಡೇ ಕಾರು ಹತ್ತಿದರು. ಕ್ಷಮೆ ಕೇಳುವ ಅಭ್ಯಾಸ ಅವರಿಗಿರಲಿಲ್ಲ, ಹೊಸದಾಗಿ ಮಾಡಿಕೊಳ್ಳಲೂ ಇಲ್ಲ. ಆದರೆ ಕೀಲಿಕೈ ಯಮನೂರಪ್ಪನ ಕೈಗೆ ವಾಪಸು ಬಂತು. ಖಾಜಾಸಾಬನ ಕೈಯ ಚಿಕಿತ್ಸೆಯನ್ನು ಟ್ರಸ್ಟು ವಹಿಸಿಕೊಂಡಿತು. ಜೀಪಿಗೆ ಹದಿಮೂರು ತೂತಿನ ಸಾಕೆಟ್ಟು, ರಬ್ಬರ್ ಟೋಪಿ, ಪ್ಲಗ್ಗಿಗೆ ಗೂಡು, ಕೇಳಿದ್ದೆಲ್ಲ ಒಂದೇ ವಾರದಲ್ಲಿ ಬಂತು. ಒಬ್ಬನ ಕೈ ಮುರಿದ ಮೇಲೆ ನಿಮಗೆ ಬುದ್ಧಿ ಎಷ್ಟು ಬೇಗ ಬರುತ್ತದೆ!

ನನ್ನನ್ನು ಕಿತ್ತು ಗುಜರಿಗೆ ಎಸೆಯುವವರಿದ್ದರು. ಯಮನೂರಪ್ಪ ಎತ್ತಿಕೊಂಡು ಕಿಸೆಗೆ ಹಾಕಿಕೊಂಡ. ಮನೆಯಲ್ಲಿ ಒಂದು ಹಲಗೆಗೆ ನನ್ನನ್ನು ಬಾಯಿ ಮೇಲಾಗಿ ಮೊಳೆ ಹೊಡೆದು ಕೂರಿಸಿದ. ಅವನ ಹೆಂಡತಿ ಹುಲಿಗೆವ್ವ ನೋಡಿ, ಏಳು ತೂತು ಲಾಯಕ್ಕಾಗಿವೆ ಎಂದಳು. ಈಗ ನಾನು ದೇವರ ಗೂಡಿನ ಮುಂದೆ ಊದುಬತ್ತಿ ಸಿಕ್ಕಿಸುವ ಸ್ಟ್ಯಾಂಡು. ದೇವರ ಕೈಯಿಂದ ತಪ್ಪಿಸಿಕೊಂಡೆ ಎಂದುಕೊಳ್ಳುವಷ್ಟರಲ್ಲಿ ದೇವರ ಮನೆಗೇ ಬಂದು ಬಿದ್ದೆ. ದಿನಾ ನನ್ನ ಬಾಯಿಗೆ ಬೂದಿ.

ಆದರೆ ಒಂದು ಮಾತಿದೆ. ಪ್ರತಿದಿನ ಬೆಳಗ್ಗೆ ಹೊಸ ಬತ್ತಿ ಹಚ್ಚುವ ಮುಂಚೆ ಹುಲಿಗೆವ್ವ ನಿನ್ನೆಯ ಬೂದಿಯನ್ನು ಊದುತ್ತಾಳೆ. ಬಟ್ಟೆಯ ಚುಂಗನ್ನು ಕಡ್ಡಿಗೆ ಸುತ್ತಿ ಏಳೂ ಕೊಳವೆಯನ್ನು ಒಂದೊಂದಾಗಿ ಒರೆಸುತ್ತಾಳೆ. ಹಿತ್ತಾಳೆ ಈಗ ಬೆಳಗಾವಿಯಲ್ಲಿದ್ದಾಗಿನ ಹಾಗೆ ಹೊಳೆಯುತ್ತದೆ. ಬೂದಿ ಹಿಡಿದುಕೊಳ್ಳಲು ಇಷ್ಟು ಆರೈಕೆ. ಒಂದು ಗಾಡಿಯ ಬ್ರೇಕ್ ದೀಪ ಹೊತ್ತು ತಿರುಗಿದ ಅಷ್ಟೂ ದಿನಗಳಲ್ಲಿ ನನಗೆ ಇದರಲ್ಲಿ ಅರ್ಧದಷ್ಟು ಸಿಕ್ಕಿದ್ದರೆ, ಖಾಜಾಸಾಬ ಇವತ್ತು ಎರಡೂ ಕೈಯಲ್ಲಿ ಕೊಡ ಎತ್ತಿ ತೋರಿಸುತ್ತಿದ್ದ.