ಅಂಗಡಿ ಮುಚ್ಚುವ ಲೆಕ್ಕ

ಟೀಚರಮ್ಮ ಬೆಳಿಗ್ಗೆಯಿಂದ ಐದನೆಯ ಸಲ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿ ಇಮೇಲ್ ನೋಡಿ, ಮತ್ತೆ ಮುಚ್ಚಿದಳು. ಜಪಾನಿನ ಹುಡುಗಿಯಿಂದ ಇನ್ನೂ ಉತ್ತರವಿರಲಿಲ್ಲ.

"ಆ ಮುಚ್ಚಳ ಕಿತ್ತು ಕೈಗೆ ಬರುತ್ತೆ ನೋಡು," ಎಂದಳು ಅಕ್ಕ, ಹೊಲಿಗೆ ಯಂತ್ರದ ಮುಂದೆ ಕೂತಲ್ಲಿಂದಲೇ. "ಅಂಕ ಕಡಿಮೆ ಕೊಟ್ಟಿರ್ತೀಯ. ಮುನಿಸಿಕೊಂಡಿದಾಳೆ."

"ಹತ್ತಕ್ಕೆ ಎಂಟು ಕೊಟ್ಟಿದೀನಿ. ನನ್ನ ಕೈಯಿಂದ ಎಂಟು ತಗೊಳೋದು ಅಂದ್ರೆ ಸುಮ್ನೇನಾ?"

ಸುಮ್ಮನೆ ಅಲ್ಲ ಎನ್ನುವುದನ್ನು ಮೂವತ್ತು ವರ್ಷಗಳಲ್ಲಿ ಅವಳ ಕೈಕೆಳಗೆ ಅಕೌಂಟೆನ್ಸಿ ಕಲಿತ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೂ ಕೆಂಪು ಶಾಯಿಯ ಹುಚ್ಚು ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಈ ಹುಡುಗಿ, ತಾನು ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ, ಅಕೌಂಟೆನ್ಸಿ ಮತ್ತು ಇಂಗ್ಲಿಷ್ ಎರಡೂ ಬೇಕು, ಇಮೇಲಿನಲ್ಲೇ ಕಲಿಸುವಿರಾ ಎಂದು ಬರೆದಳು. ಅಂದಿನಿಂದ ವಾರಕ್ಕೊಂದು ಪಾಠ. ಹುಡುಗಿ ಒಂದು ಕಲ್ಪಿತ ಅಂಗಡಿಯ ಲೆಕ್ಕ ಮಾಡಿ, ಅದನ್ನು ಇಂಗ್ಲಿಷಿನ ಪತ್ರವಾಗಿ ವಿವರಿಸಿ ಕಳಿಸಬೇಕು. ಪತ್ರದ ನೆತ್ತಿಯ ಮೇಲೆ ವಿಳಾಸ, ಫೋನ್ ನಂಬರು ಇರದಿದ್ದರೆ ಅರ್ಧ ಅಂಕ ಹೋಯಿತು. ಟೀಚರಮ್ಮ ಲೆಕ್ಕದ ತಪ್ಪಿಗೆ ಕೆಂಪು, ಭಾಷೆಯ ತಪ್ಪಿಗೆ ನೀಲಿ ಬಣ್ಣ ಬಳಿದು ವಾಪಸು ಕಳಿಸುತ್ತಿದ್ದಳು. ಈ ಎರಡು ಬಣ್ಣಕ್ಕೆ ಸಿಗದ್ದು ಯಾವುದೂ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಒಬ್ಬರ ದನಿ ಇನ್ನೊಬ್ಬರು ಕೇಳಿದವರೂ ಅಲ್ಲ.

ತಿದ್ದಿ ಕಳಿಸಿದ ಮರುದಿನವೇ ಧನ್ಯವಾದ ಬರುವುದು ರೂಢಿ. ಜ್ವರ ಬಂದಿದ್ದಾಗಲೂ ತಪ್ಪಿರಲಿಲ್ಲ. ಈ ಸಲ ನಾಲ್ಕು ದಿನವಾಗಿತ್ತು.

"ಏನು ಬರೆದಿದ್ಲು ಅಂಥದ್ದು? ನನಗೂ ಅರ್ಥ ಆಗೋ ಹಾಗೆ ಹೇಳು," ಎಂದಳು ಅಕ್ಕ. ಅವಳ ಇಂಗ್ಲಿಷು ಅಳತೆ ಟೇಪಿನ ಇಂಚುಗಳಾಚೆ ಹೋಗುತ್ತಿರಲಿಲ್ಲ.

"ವ್ಯಾಪಾರ ನಿಲ್ಲಿಸೋ ಪಾಠ ಅಕ್ಕಾ. ಅಂಗಡಿ ಮುಚ್ಚೋವಾಗ ಸಾಮಾನು ಯಾರಿಗೆ ಹೋಗುತ್ತೆ, ಬಾಕಿ ಹೇಗೆ ತೀರುತ್ತೆ, ಎಲ್ಲ ಖಾತೆ ಹೇಗೆ ಸೊನ್ನೆಗೆ ಬರುತ್ತೆ, ಅದು." ಟೀಚರಮ್ಮ ಮತ್ತೆ ಮುಚ್ಚಳ ಎತ್ತಿ, ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲನ್ನು ಮನೆಮಾತಿಗೆ ತಿರುಗಿಸುತ್ತ ಹೋದಳು. "'ಸೈಕಲ್ಲು ತಮ್ಮನಿಗೆ. ಪುಸ್ತಕಗಳು ಲೈಬ್ರರಿಗೆ. ಬೆಕ್ಕು ಪಕ್ಕದ ಮನೆ ಅಜ್ಜಿಗೆ, ಮೂರು ತಿಂಗಳ ಊಟದ ಸಮೇತ.' ಬೆಕ್ಕನ್ನ ಆಸ್ತಿಪಟ್ಟಿಗೆ ಸೇರಿಸಿದಾಳೆ, ಕತ್ತೆ! ಒಂದು ಅಂಕ ಕಟ್."

ಅಕ್ಕ ನಕ್ಕಳು. ಯಂತ್ರದ ಸದ್ದು ನಡೆದೇ ಇತ್ತು.

"'ತೀರಿಸಬೇಕಾದ ಬಾಕಿ: ಅಮ್ಮನ ಪ್ರೀತಿ, ಟೀಚರ್ ತಾಳ್ಮೆ. ಇವೆರಡನ್ನ ನನ್ನಿಂದ ತೀರಿಸೋಕಾಗಲಿಲ್ಲ, ಕ್ಷಮಿಸಿ.' ಹಣದಲ್ಲಿ ಅಳೆಯೋಕಾಗದ್ದನ್ನ ಲೆಕ್ಕಕ್ಕೆ ತರಬಾರದು ಅಂತ ಬರೆದು ಇನ್ನೊಂದು ಅಂಕ ಕಟ್ ಮಾಡಿದೆ. 'ಮೂವತ್ತನೇ ತಾರೀಕು ಅಂಗಡಿ ಮುಚ್ಚುತ್ತೆ. ಆಮೇಲೆ ಎಲ್ಲ ಸೊನ್ನೆ. ಇನ್ನು ಯಾರಿಗೂ...'"

ಟೀಚರಮ್ಮನ ದನಿ ಅಲ್ಲಿಗೆ ನಿಂತಿತು. ಇಂಗ್ಲಿಷಿನಲ್ಲಿ ನಾಲ್ಕು ಸಲ ಕಣ್ಣಾಡಿಸಿದ್ದ ಸಾಲು, ತನ್ನ ಬಾಯಿಂದಲೇ ಹೊರಬಂದಾಗ ಬೇರೆಯೇ ಆಗಿ ಕೇಳಿಸಿತು.

"ಯಾರಿಗೂ? ಓದೇ."

"'ಇನ್ನು ಯಾರಿಗೂ ನನ್ನಿಂದ ತೊಂದರೆ ಇರೋದಿಲ್ಲ.'"

ಯಂತ್ರ ನಿಂತುಹೋಗಿತ್ತು. "ಇದು ಅಂಗಡಿ ಅಲ್ಲ ಕಣೇ," ಎಂದಳು ಅಕ್ಕ. "ಅಂಗಡಿಗೆ ಎಲ್ಲಿಯ ತಮ್ಮ, ಎಲ್ಲಿಯ ಅಮ್ಮ?"

ಟೀಚರಮ್ಮ ಪತ್ರವನ್ನು ಕೆಳಕ್ಕೆ ಸರಿಸಿದಳು. ಪತ್ರದ ಕೊನೆಯಲ್ಲಿ ಅವಳದೇ ಕೆಂಪು ಅಕ್ಷರಗಳಿದ್ದವು: ಎಲ್ಲ ಖಾತೆಗಳೂ ಸರಿಯಾಗಿ ಸೊನ್ನೆಗೆ ಬಂದಿವೆ. ಅಚ್ಚುಕಟ್ಟಾದ ಕೆಲಸ. ಶಹಬ್ಬಾಸ್.

"ಶಹಬ್ಬಾಸ್ ಅಂದುಬಿಟ್ಟೆ ಅಕ್ಕಾ. ನಾನು ಶಹಬ್ಬಾಸ್ ಅಂದುಬಿಟ್ಟೆ."

"ಅದಿರಲಿ. ಇವತ್ತು ತಾರೀಕೆಷ್ಟು?"

"ಮೂವತ್ತು," ಎಂದಳು ಟೀಚರಮ್ಮ. ಪತ್ರದ ನೆತ್ತಿಯ ಮೇಲಿನ ನಂಬರನ್ನು ಒತ್ತಲು ಹೋಗಿ ಎರಡು ಸಲ ತಪ್ಪಿದಳು. ಅಕ್ಕ ಫೋನು ಕಿತ್ತುಕೊಂಡು, "ಒಂದೊಂದೇ ಹೇಳು," ಎಂದು ತಾನೇ ಒತ್ತಿದಳು. ಗಂಟೆ ಬಡಿದು ಬಡಿದು ನಿಂತಿತು. ಮತ್ತೆ ಒತ್ತಿದಳು. ಮತ್ತೆ ನಿಂತಿತು. ಟೀಚರಮ್ಮ ತನ್ನನ್ನು ತಾನು ಮನಸಾರೆ ಬೈದುಕೊಂಡಳು. ಮಗುವೊಂದು ಹೋಗಿಬರುತ್ತೇನೆ ಎಂದು ಬರೆದರೆ ಕೆಂಪು, ನೀಲಿ ಬಣ್ಣ ಬಳಿಯುವ ಹೆಂಗಸೂ ಹೆಂಗಸೇ!

ಮೂರನೆಯ ಸಲ ಯಾರೋ ಫೋನು ಎತ್ತಿದರು. ಉಸಿರು ಮಾತ್ರ ಕೇಳಿಸುತ್ತಿತ್ತು. ಅಕ್ಕ ಫೋನನ್ನು ತಂಗಿಯ ಕಿವಿಗೆ ಒತ್ತಿದಳು.

ಎರಡು ವರ್ಷ ಆ ಹುಡುಗಿಯ ಇಂಗ್ಲಿಷನ್ನು ಹೆಕ್ಕಿ ಹೆಕ್ಕಿ ತಿದ್ದಿದವಳಿಗೆ ಇಂಗ್ಲಿಷಿನ ಒಂದು ವಾಕ್ಯವೂ ಸಿಗಲಿಲ್ಲ. "ಟೀಚರ್," ಎಂದಳು. "ನಾನು, ಟೀಚರ್." ಆಮೇಲೆ ಬಾಯಿಗೆ ಬಂದದ್ದೆಲ್ಲ ಮನೆಮಾತೇ. "ಮುಚ್ಚಬೇಡ ಮಗೂ. ನಾನೇ ತಪ್ಪು ಮಾಡಿದೆ. ಬರೀ ತಿದ್ದಿದೆ ಕಣಮ್ಮಾ, ಮುಚ್ಚಬೇಡ."

ಆ ಕಡೆಯಿಂದ, ಅವಳು ಎಣಿಸಿದ್ದಕ್ಕಿಂತ ಎಷ್ಟೋ ಚಿಕ್ಕದೊಂದು ದನಿ ಇಂಗ್ಲಿಷಿನಲ್ಲಿ ಕೇಳಿತು: "ಟೀಚರ್, ನೀವು ಓದಿದಿರಾ?"

"ಓದಿದೆ," ಎಂದಳು ಟೀಚರಮ್ಮ, ಅಳುತ್ತ, ಇಂಗ್ಲಿಷಿನಲ್ಲೇ. "ಈಗ ಓದಿದೆ."

ಹುಡುಗಿ ಬಿಕ್ಕಿದಳು. ಬಿಕ್ಕುತ್ತಲೇ ಏನೇನೋ ಹೇಳತೊಡಗಿದಳು, ತನ್ನ ಭಾಷೆಯಲ್ಲಿ. ಟೀಚರಮ್ಮನಿಗೆ ಅದರ ಒಂದಕ್ಷರವೂ ತಿಳಿಯಲಿಲ್ಲ. "ಹ್ಞೂಂ," ಎಂದಳು. "ಹ್ಞೂಂ, ಹೇಳು." ಆ ದನಿ ತಡವರಿಸಿ ನಿಂತಾಗಲೆಲ್ಲ ಮತ್ತೆ "ಹ್ಞೂಂ" ಎಂದಳು.

ಅಕ್ಕ ಒಂದು ಕುರ್ಚಿ ತಂದು ತಂಗಿಯ ಹಿಂದಿಟ್ಟು, ಭುಜ ಹಿಡಿದು ಕೂರಿಸಿದಳು. ಆಮೇಲೆ ಚಾರ್ಜರ್ ಹುಡುಕಿ ತಂದು ಗೋಡೆಗೆ ಚುಚ್ಚಿ, ತಂತಿ ಅಲ್ಲಿಯವರೆಗೆ ಬರುತ್ತದೆಯೇ ಎಂದು ಎಳೆದು ನೋಡಿದಳು. ಒಂದು ಗೇಣು ಸಾಲದಾಯಿತು. ಟೀಚರಮ್ಮ ಫೋನನ್ನು ಕಿವಿಯಿಂದ ತೆಗೆಯದೆ, ಕೂತ ಕುರ್ಚಿಯ ಸಮೇತ, ಗೋಡೆಯ ಕಡೆಗೆ ಮೆಲ್ಲಗೆ ಸರಿದಳು.