ಭಾವ ಪೆಟ್ಟಿಗೆ ಆರಿಸಿದ್ದು

ನನ್ನ ಭಾವ ತೂಕ-ಅಳತೆ ಇಲಾಖೆಯಲ್ಲಿ ಪರೀಕ್ಷಕರು. ಅಂಗಡಿಯ ತಕ್ಕಡಿಯನ್ನು ನಂಬದಿರುವುದು ಅವರ ಕೆಲಸ. ಮಿಕ್ಕ ಯಾವುದನ್ನೂ ನಂಬದಿರುವುದು ಹವ್ಯಾಸ. ಅಕ್ಕನನ್ನು ನೋಡಲು ಬಂದ ದಿನ ನಮ್ಮ ಮನೆ ಬಾಗಿಲಿನ ಎತ್ತರ ಅಳೆದಿದ್ದರಂತೆ. ಅಕ್ಕ ಇದನ್ನು ಅಲ್ಲಗಳೆಯುವುದಿಲ್ಲ.

ಏಳು ತಿಂಗಳಿಂದ ಅವರು ಒಂದು ಪೆಟ್ಟಿಗೆ ಆರಿಸುತ್ತಿದ್ದರು. ಮನೆಯ ವೈಫೈಗೆ ಜೋಡಿಸಿ ಮೂಲೆಯಲ್ಲಿಟ್ಟರೆ ಎಲ್ಲರ ಫೋಟೊ, ಧ್ವನಿ, ಕಾಗದಪತ್ರ ಒಂದೇ ಕಡೆ ಉಳಿಸುವ ನೆಟ್‌ವರ್ಕ್ ಸ್ಟೋರೇಜ್. ಒಳಗೆ ಎರಡು ಡಿಸ್ಕ್. ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ಅದೇ ಪ್ರತಿ. ಜೇಬಿಗೆ ಭಾರವಾಗಬಾರದು ಎಂದು ಅಕ್ಕ ಹೇಳಿದ್ದಳು. ಬೇಗ ಬರಲಿ ಎಂದೂ ಹೇಳಿದ್ದಳು. ಭಾವ ಮೊದಲನೆಯದನ್ನು ಮಾತ್ರ ಬರೆದುಕೊಂಡರು.

ಅಕ್ಕನ ಆತುರಕ್ಕೆ ಕಾರಣವಿತ್ತು. ಅವಳು ಗಡಿಯಾರ ರಿಪೇರಿ ಮಾಡುತ್ತಾಳೆ, ಅಪ್ಪನ ನಂತರ ಅಪ್ಪನದೇ ಮೇಜಿನ ಮೇಲೆ. ತೀರಿಹೋಗುವ ಮುಂಚಿನ ವರ್ಷ ಅಪ್ಪ, ಯಾವ ಗಡಿಯಾರವನ್ನು ಹೇಗೆ ಬಿಚ್ಚಬೇಕೆಂದು ಹೇಳುತ್ತಾ ಇನ್ನೂರ ಹನ್ನೆರಡು ರೆಕಾರ್ಡಿಂಗ್ ಮಾಡಿಸಿದ್ದರು. ಎಲ್ಲವೂ ಇದ್ದದ್ದು ಮೇಜಿನ ಕೆಳಗಿನ ಒಂದೇ ಒಂದು ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಬೇರೆಲ್ಲಾದರೂ ಒಂದು ಪ್ರತಿ ಇಡೋಣವೆಂದರೆ ಭಾವ, "ತಾತ್ಕಾಲಿಕ ವ್ಯವಸ್ಥೆ ಬೇಡ, ಬಂದರೆ ಸರಿಯಾದದ್ದೇ ಬರಲಿ," ಎನ್ನುತ್ತಿದ್ದರು.

"ಎಲ್ಲಿಗೆ ಬಂತು ಭಾವ?" ಎಂದೆ ಆ ಭಾನುವಾರ.

"ಒಂಬತ್ತರಲ್ಲಿ ಎರಡು ಉಳಿದಿವೆ. ಒಂದರ ಫ್ಯಾನ್ ಹತ್ತೊಂಬತ್ತು ಡೆಸಿಬೆಲ್, ಇನ್ನೊಂದರದ್ದು ಇಪ್ಪತ್ತೊಂದು."

ಆ ಕೋಣೆಯಲ್ಲಿ ಮೂವತ್ತೆಂಟು ಗಡಿಯಾರಗಳು ಟಿಕ್‌ಟಿಕ್ ಎನ್ನುತ್ತಿದ್ದವು.

"ಪಾಪ, ಎರಡು ಜಾಸ್ತಿಯಾದ್ರೆ ನಿದ್ದೆ ಕೆಡುತ್ತೆ."

"ನಗು ನಗು. ನಾಳೆ ತಂದಿದ್ದು ಗೊರ್ ಅಂದ್ರೆ ನಿಮ್ಮಕ್ಕ ಬೈಯೋದು ನನ್ನನ್ನ."

"ತಂದ್ರೆ ತಾನೇ ಬೈಯೋಕೆ," ಎಂದಳು ಅಕ್ಕ, ಕಣ್ಣಿನ ಭೂತಗನ್ನಡಿ ತೆಗೆಯದೆ.

ಅವಳ ತಲೆ ಬೇರೆ ಕಾರಣಕ್ಕೆ ಕೆಟ್ಟಿತ್ತು. ಗಿರಾಕಿಯೊಬ್ಬರ ಮೇಜು ಗಡಿಯಾರದ ಬಡಿತ ಎರಡು ದಿನದಿಂದ ಕುಂಟುತ್ತಿತ್ತು. ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ್ದಳು. ನಾಲ್ಕನೆಯ ಸಲ ಬಿಚ್ಚಲೆಂದು ಅದನ್ನು ನಿಲ್ಲಿಸಿದಳು. ಆದರೂ ಕುಂಟು ಬಡಿತ ನಿಲ್ಲಲಿಲ್ಲ.

"ಎಲ್ಲಾನೂ ನಿಲ್ಸಿ," ಎಂದಳು.

ಮೂವರೂ ಒಂದೊಂದೇ ಗಡಿಯಾರದ ಬಾಯಿ ಮುಚ್ಚಿಸುತ್ತಾ ಹೋದೆವು. ಕೊನೆಯದೂ ಸುಮ್ಮನಾದಾಗ ಮೇಜಿನ ಕೆಳಗಿಂದ ಕೇಳಿಸಿತು: ಟಕ್. ಟಕ್‌ಟಕ್. ಟಕ್. ಸಾಯುತ್ತಿದ್ದ ಡಿಸ್ಕು ಎರಡು ದಿನದಿಂದ ಗಡಿಯಾರಗಳ ನಡುವೆ ಅವಿತುಕೊಂಡಿತ್ತು.

"ಅಯ್ಯೋ, ಅಪ್ಪಂದು!" ಎಂದಳು ಅಕ್ಕ.

ಭಾವ ಚಪ್ಪಲಿ ಹುಡುಕಲಿಲ್ಲ. ಬರಿಗಾಲಲ್ಲೇ ರಸ್ತೆ ತುದಿಯ ಕಂಪ್ಯೂಟರ್ ಅಂಗಡಿಗೆ ಓಡಿದರು. ನಾನು ಹಿಂದೆ.

"ಎರಡು ಡಿಸ್ಕಿಂದು ಯಾವ್ಯಾವ್ದಿದೆ?"

"ಒಂದೇ ಇರೋದು ಸಾರ್. ಅದರ ವಿಶೇಷ ಏನಪ್ಪಾ ಅಂದ್ರೆ..."

"ಬೇಡ. ಕೊಡಿ."

ಎಲ್ಲಕ್ಕಿಂತ ಅಗ್ಗದ್ದು ಅದು. ಮೊದಲ ವಾರವೇ ಪಟ್ಟಿಯಿಂದ ಹೊಡೆದುಹಾಕಿದ್ದರು. ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದರು: ದೀಪ ತೀರಾ ನೀಲಿ.

ರೆಕಾರ್ಡಿಂಗ್‌ಗಳ ಪ್ರತಿ ಹೊಸ ಪೆಟ್ಟಿಗೆಗೆ ಇಳಿಯುವಷ್ಟು ಹೊತ್ತೂ ಅಕ್ಕ ಗಡಿಯಾರ ಶುರುಮಾಡಗೊಡಲಿಲ್ಲ. ಡಿಸ್ಕಿನ ಬಡಿತ ಅವಳಿಗೆ ಕೇಳುತ್ತಲೇ ಇರಬೇಕಿತ್ತು. ಕೆಮ್ಮು ಬಂದರೆ ಭಾವ ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದರು. ಗಂಟೆ ಎಷ್ಟೆಂದು ನೋಡಿದೆ. ಎಲ್ಲ ಗೋಡೆಗಳೂ ಹನ್ನೊಂದೂ ಚಿಲ್ಲರೆ ಎಂದವು. ಹೊಟ್ಟೆ ಮೂರು ದಾಟಿದೆ ಎಂದಿತು.

ಇನ್ನೂರ ಹನ್ನೊಂದು ಬಂದವು. ಆಮೇಲೆ ಡಿಸ್ಕು ಒಮ್ಮೆ ಟಕ್ ಎಂದು ಸುಮ್ಮನಾಯಿತು.

"ಯಾವ್ದು ಹೋಯ್ತು?" ಎಂದರು ಭಾವ.

ಅಕ್ಕ ಪಟ್ಟಿ ನೋಡಿದಳು. "ದೊಡ್ಡ ಗೋಡೆ ಗಡಿಯಾರಕ್ಕೆ ಕೀ ಕೊಡೋದು. ಅಪ್ಪ ನಿಮಗೆ ಹೇಳ್ಕೊಟ್ಟಿದ್ದು."

ಭಾವ ಎದ್ದು ಗೋಡೆ ಗಡಿಯಾರದ ಗಾಜು ತೆರೆದು ಕೀ ಹಾಕಿದರು. "ಅಳಿಯಂದ್ರೇ, ಎಡಗೈ ಗಡಿಯಾರದ ಮೇಲಿಡಿ, ಅದಕ್ಕೂ ಧೈರ್ಯ ಬೇಕು. ಹನ್ನೊಂದು ಸುತ್ತು. ಹನ್ನೆರಡನೇದು ಬಾ ಬಾ ಅನ್ನುತ್ತೆ, ಹೋಗ್ಬೇಡಿ." ಅಪ್ಪನ ಮಾತು, ಅಪ್ಪನದೇ ಎಳೆತದಲ್ಲಿ. ಎಲ್ಲವನ್ನೂ ಬರೆದಿಡುವ ಮನುಷ್ಯ ಇದನ್ನು ಎಲ್ಲೂ ಬರೆದಿರಲಿಲ್ಲ.

ಹನ್ನೊಂದಕ್ಕೆ ಕೈ ನಿಂತಿತು. ಲೋಲಕ ತಟ್ಟಿದರು, ಗಡಿಯಾರ ಹೊರಟಿತು.

ಅಕ್ಕ ಫೋನ್ ಮುಂದೆ ಹಿಡಿದಳು. "ಇನ್ನೊಂದ್ಸಲ ಹೇಳಿ."

"ಕೀ ಕೊಟ್ಟಾಯ್ತಲ್ಲ?"

"ಕೀ ಬೇಡ, ಮಾತು ಸಾಕು."

ಗಂಟಲು ಸರಿಮಾಡಿಕೊಂಡು ಹೇಳಿದರು. ಅಕ್ಕ ಅದನ್ನು ಇನ್ನೂರ ಹನ್ನೆರಡನೆಯದಾಗಿ ಪೆಟ್ಟಿಗೆಗೆ ಸೇರಿಸಿದಳು.

"ಎರಡು ಡಿಸ್ಕಲ್ಲೂ ಬಂತಾ ನೋಡು," ಎಂದರು ಭಾವ. ನೀಲಿ ದೀಪಕ್ಕೆ ಆಗಲೇ ತಮ್ಮ ಕರವಸ್ತ್ರ ಹೊದಿಸಿದ್ದರು.